ಗಾಜಿನ ಕಾರ್ಖಾನೆಯ ಗೇಟು ಪುಸ್ತಕ

ಮಾರ್ಚ್ ೧೪, ಗುರುವಾರ

ಈ ಕಥೆಯನ್ನು ಮೊದಲು ಹೇಳಿದವರು ಗಾಜಿನ ಕಾರ್ಖಾನೆಯ ಹಳೆಯ ಕಾವಲುಗಾರರು, ನಿನ್ನೆ ಮಧ್ಯಾಹ್ನ, ಗ್ರಂಥಾಲಯದ ಉದ್ದ ಮೇಜಿನ ಬಳಿ. ಕಾರ್ಖಾನೆ ದಿವಾಳಿಯಾದದ್ದು ಹೇಗೆಂದು ಬರೆಯಲು ಆರು ತಿಂಗಳಿಂದ ಆಧಾರ ಹುಡುಕುತ್ತಿದ್ದೇನೆ. ಕೋರ್ಟಿನ ಕಡತದಲ್ಲೂ ಪತ್ರಿಕೆಗಳಲ್ಲೂ ಒಂದೇ ಮಾತು: ಮುಷ್ಕರದಿಂದ ಮುಳುಗಿತು. ಅದನ್ನು ನಿನ್ನೆ ಮೇಜಿನ ಸುತ್ತ ಕೂತವರಿಗೆ ಓದಿ ಹೇಳುತ್ತಿದ್ದೆ. ಮುಷ್ಕರ ಹೂಡಿದವರ ಮಗಳು, ನಮ್ಮ ಬೀದಿಯ ದರ್ಜಿ, ತಲೆ ತಗ್ಗಿಸಿ ಕೇಳುತ್ತಿದ್ದಳು. ಇಪ್ಪತ್ತು ವರ್ಷದಿಂದ ಊರು ಅವಳಪ್ಪನನ್ನೇ ದೂರುತ್ತಿದೆ.

"ಸುಳ್ಳಮ್ಮ ಅದು," ಅಂದರು ಕಾವಲುಗಾರರು. "ಮುಷ್ಕರಕ್ಕೆ ಎರಡು ತಿಂಗಳು ಮುಂಚೇನೇ ಮರಳಿನ ಲಾರಿ ಬರೋದು ನಿಂತಿತ್ತು. ಮರಳಿಲ್ದೆ ಗಾಜು ಏನು, ಗಾಳೀಲಿ ಮಾಡ್ತಾರಾ?"

"ಆಧಾರ ಬೇಕಲ್ಲ, ತಾತ?" ಅಂದೆ.

"ಗೇಟಲ್ಲಿ ಪ್ರತಿ ಲಾರೀನೂ ಬರ್ಕೊಂಡಿದೀನಿ. ಬೀಗ ಹಾಕೋಕೆ ಬಂದ ಸಾಹೇಬ್ರು ಕುರ್ಚಿ ಎಣಿಸಿದ್ರು, ಫ್ಯಾನ್ ಎಣಿಸಿದ್ರು, ನನ್ನ ಪುಸ್ತಕ ಬೇಡ ಅಂದ್ರು. ಮನೇಲಿ ಬೀರು ಕಾಲಿಗೆ ಒತ್ತು ಕೊಟ್ಟಿದೀನಿ."

ಇಷ್ಟು ದಿನ ಗೇಟಿನವರನ್ನು ಕೇಳಬೇಕೆಂದು ನನಗೆ ತೋಚಲೇ ಇಲ್ಲ.

ಇಂದು ಬೆಳಿಗ್ಗೆ ನಾನೂ ದರ್ಜಿಯೂ ಕಾವಲುಗಾರರ ಮನೆಗೆ ಹೋಗಿ ಬೀರು ಎತ್ತಿ, ಪುಸ್ತಕ ತೆಗೆದು ಅದರ ಜಾಗಕ್ಕೆ ಇಟ್ಟಿಗೆ ಇಟ್ಟೆವು. ಮರಳಿನ ಕೊನೆಯ ಲಾರಿ ಬಂದದ್ದು ಜನವರಿ ಒಂಬತ್ತಕ್ಕೆ. ಮುಷ್ಕರ ಶುರುವಾದದ್ದು ಮಾರ್ಚ್ ಹನ್ನೆರಡಕ್ಕೆ. ಜನವರಿಯ ಸಾಲಿನ ಮೇಲಿಟ್ಟ ಬೆರಳನ್ನು ದರ್ಜಿ ಬಹಳ ಹೊತ್ತು ತೆಗೆಯಲಿಲ್ಲ.

"ಅಕ್ಕಾ, ಸಂಜೆವರೆಗೂ ಕೊಡಿ. ಅಪ್ಪಂಗೆ ಓದಿ ಹೇಳ್ತೀನಿ."

ನಕಲು ಮಾಡಿಸದೆ ಯಾವ ಆಧಾರವನ್ನೂ ಕೈಬಿಡಬಾರದೆಂಬುದು ನನ್ನ ನಿಯಮ. ಆದರೂ ಕೊಟ್ಟುಬಿಟ್ಟೆ.

ರಾತ್ರಿಯಾಯಿತು, ಪುಸ್ತಕ ಇನ್ನೂ ವಾಪಸ್ಸು ಬಂದಿಲ್ಲ. ದರ್ಜಿಯ ಮನೆಯಲ್ಲಿ ದೀಪ ಉರಿಯುತ್ತಿದೆ. ಕೇಳಲು ಹೋಗುವುದಿಲ್ಲ. ಓದಿಸಿಕೊಳ್ಳಲಿ, ಅವಳಪ್ಪ, ಎಷ್ಟು ಸಲ ಬೇಕಾದರೂ.