ಅತ್ತೆಯ ಎಡೆಗೆ ಏನಿಡಬೇಕು

ಕ್ಯಾಸಂಬಳ್ಳಿ, ಭಾನುವಾರ

ಜಯರಾಮಪ್ಪ ಬಾವನವರಿಗೆ ಸುಗುಣಳ ನಮಸ್ಕಾರ.

ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಬಿಡುವುದಿಲ್ಲ. ಅದಕ್ಕೇ ಮಗನ ಕೈಲಿ ಈ ಕಾಗದ ಕಳಿಸಿದ್ದೇನೆ.

ಅತ್ತೆಯ ತಿಥಿಗೆ ಎಡೆಯಲ್ಲಿಡಲು ನೀವು ಬರೆದ ಪಟ್ಟಿ ಓದಿದೆ. ಚಕ್ಕುಲಿ, ಜಿಲೇಬಿ, ನಾಟಿಕೋಳಿ ಸಾರು, ಬಂಗಾರಪೇಟೆಯ ಪಾನಿಪುರಿ. "ಅಮ್ಮಂಗೆ ಇವೆಲ್ಲಾ ಪ್ರಾಣ ಕಣಮ್ಮ" ಅಂದಿರಿ. ಬಾವ, ಅತ್ತೆಯ ಹಲ್ಲು ಬಿದ್ದು ಹದಿನೈದು ವರ್ಷವಾಗಿತ್ತು. ಚಕ್ಕುಲಿ ನಿಮಗಿಷ್ಟ. ಪಾನಿಪುರಿ ನಿಮ್ಮ ಮೊಮ್ಮಗಳಿಗಿಷ್ಟ.

ಮಾವ ಸತ್ತ ಮೇಲೆ ಸೊಪ್ಪಿನ ಮಂಕರಿ ತಲೆ ಮೇಲೆ ಹೊತ್ತು, ಕೆಜಿಎಫ್ ಗಣಿಯವರ ಲೈನು ಮನೆಗಳ ಮುಂದೆ ತಮಿಳಿನಲ್ಲಿ ಕೂಗಿ ಮಾರಿ, ನಿಮ್ಮನ್ನೂ ನಿಮ್ಮ ತಮ್ಮನನ್ನೂ ಸಾಕಿದವರು ಅವರು. ತೊಂಬತ್ತು ದಾಟಿದ ಮೇಲೂ ಒಲೆ ಮುಂದಿನಿಂದ ಏಳಲಿಲ್ಲ. ಅವರಿಗೆ ಏನಿಷ್ಟ ಅಂತ ಒಂದು ದಿನವಾದರೂ ಕೇಳಿದ್ದಿರಾ?

ಇಷ್ಟು ಬರೆದು, ಸರಿಯಾದ ಪಟ್ಟಿ ನಾನೇ ಕೊಡೋಣವೆಂದು ಕೂತೆ. ಪೆನ್ನು ಓಡಲಿಲ್ಲ. ಇಪ್ಪತ್ತೆಂಟು ವರ್ಷ ಅತ್ತೆಯೂ ನಾನೂ ಒಂದೇ ಒಲೆಯಲ್ಲಿ ಬೇಯಿಸಿದೆವು. "ನೀವೆಲ್ಲ ಉಣ್ಣಿ, ನಂದೇನೈತೆ" ಅಂತ ಕೊನೆಗೆ ಕೂತು, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಉಣ್ಣುತ್ತಿದ್ದರು. ಉಳಿದದ್ದೇ ಅವರಿಗಿಷ್ಟ ಅಂದುಕೊಂಡುಬಿಟ್ಟೆ ನಾನು.

ಅಡುಗೆಯವರಿಗೆ ಆ ಪಟ್ಟಿ ಕೊಡಬೇಡಿ. ಅತ್ತೆಯ ಜೊತೆ ಸೊಪ್ಪು ಮಾರುತ್ತಿದ್ದ ಮುತ್ತಮ್ಮಾಳ್ ಆಂಡರ್ಸನ್‌ಪೇಟೆಯಲ್ಲಿ ಇನ್ನೂ ಗಟ್ಟಿಯಾಗಿದ್ದಾರಂತೆ. ಬುಧವಾರ ಗಾಡಿ ತೆಗೆದುಕೊಂಡು ಬನ್ನಿ, ಇಬ್ಬರೂ ಹೋಗೋಣ. ಮಂಕರಿ ಬೇಗ ಖಾಲಿಯಾದ ದಿನ ಅತ್ತೆ ಏನು ಕೊಂಡು ತಿನ್ನುತ್ತಿದ್ದರು ಅಂತ ಅವರನ್ನಾದರೂ ಕೇಳೋಣ.

ಇತಿ,
ನಿಮ್ಮ ತಮ್ಮನ ಹೆಂಡತಿ
ಸುಗುಣ