ಶಿವಾನಂದನ ಎದೆಯ ಸದ್ದು

ಅಪ್ಪಾ,

ನಿನ್ನೆ ತಮ್ಮ ಶಿವಾನಂದ ಸೇನಾ ಭರ್ತಿಯಿಂದ ವಾಪಸು ಬಂದ. ಓಟದಲ್ಲಿ ಗೆದ್ದಿದ್ದ. ಆದರೆ ಮೆಡಿಕಲ್ ಪರೀಕ್ಷೆಯಲ್ಲಿ ಡಾಕ್ಟರರು ಅವನ ಎದೆಯ ಸದ್ದನ್ನು ಬಹಳ ಹೊತ್ತು ಕೇಳಿ, ಹೃದಯದಲ್ಲಿ ದೋಷವಿದೆ, ಇನ್ನು ಓಡಬೇಡ ಎಂದು ಕಳಿಸಿಬಿಟ್ಟರಂತೆ.

"ಆ ಪರೀಕ್ಷಾ ಇರಲಿಲ್ಲಂದ್ರ ನಾ ಸೈನಿಕ ಆಗಿರ್ತಿದ್ದೆ ಅಕ್ಕಾ," ಎಂದು ಅತ್ತ.

"ಆಗಿರ್ತಿದ್ದಿ. ಆಮ್ಯಾಲ ಯಾವುದಾರ ಗುಡ್ಡದಾಗ ಬಿದ್ದಿದ್ರ?" ಎಂದೆ.

ನೀನು ಗೋವಿನಜೋಳದ ಹೊಲದಲ್ಲಿ ಕುಸಿದು ಪ್ರಾಣ ಬಿಟ್ಟಾಗ ಬಿಸಿಲು ಬಡಿಯಿತೆಂದೇ ನಾವು ನಂಬಿದ್ದೆವು.

ಇವತ್ತು ಬೆಳಿಗ್ಗೆ ನೋಡಿದರೆ ಅವನ ಹಾಸಿಗೆ ಖಾಲಿ, ಬೂಟೂ ಇಲ್ಲ. ನಾನು ಬರಿಗಾಲಲ್ಲೇ ರಸ್ತೆಗೆ ಓಡಿದೆ. ಅಬಲೂರಿನ ಗುಡಿಯ ಹತ್ತಿರ ಓಡಿ ಬೆವೆತು ನಿಂತಿದ್ದ.

"ಮುಂದಿನ ಭರ್ತಿಗೆ ಬ್ಯಾರೆ ಡಾಕ್ಟರ್ ಇರ್ತಾರ. ಅವ್ವಗ ಹೇಳಬ್ಯಾಡ," ಎಂದ.

ಮನೆಗೆ ಬಂದವಳೇ ಹೇಳಿಬಿಟ್ಟೆ. ಅವ್ವ ಕೂಗಾಡಲಿಲ್ಲ. ಅವನನ್ನು ಪಕ್ಕಕ್ಕೆ ಕೂಡಿಸಿಕೊಂಡು ಎದೆಗೆ ಕಿವಿಯಿಟ್ಟಳು.

"ನನಗೇನೂ ಗೊತ್ತಾಗವಲ್ದು," ಎಂದಳು. "ನಿಮ್ಮಪ್ಪನ ಎದಿ ಮ್ಯಾಲೆ ಇಷ್ಟ ವರ್ಷ ತಲಿ ಇಟ್ಟು ಮಲಗೀನಿ. ಅವಾಗೂ ಏನೂ ಗೊತ್ತಾಗಲಿಲ್ಲ."

ಶಿವಾನಂದ ಬೂಟು ಬಿಚ್ಚಿದ.

ನಾಳೆ ಹಾವೇರಿಯ ದವಾಖಾನೆಗೆ ಹೋಗುತ್ತೇವೆ. ಇದು ರಕ್ತದಲ್ಲೇ ಬಂದಿರಬಹುದು, ಒಡಹುಟ್ಟಿದವರನ್ನೂ ತೋರಿಸಿ ಎಂದು ಭರ್ತಿಯ ಡಾಕ್ಟರರು ಹೇಳಿದ್ದಾರಂತೆ. ಹಾಗಾಗಿ ನನ್ನದೂ ಪರೀಕ್ಷೆ ಇದೆ. ಮೊದಲೇ ಗೊತ್ತಾಗಿದ್ದು ಒಳ್ಳೆಯದಾಯಿತು ಎಂದು ಬೆಳಗಿನಿಂದ ತಮ್ಮನಿಗೆ ಬುದ್ಧಿ ಹೇಳುತ್ತಿದ್ದವಳು ನಾನೇ. ಈಗ ಒಬ್ಬಳೇ ಕುಳಿತಾಗ, ಗೊತ್ತಾಗದೇ ಇದ್ದರೇ ಚೆನ್ನಾಗಿತ್ತು ಅನಿಸುತ್ತಿದೆ ಅಪ್ಪಾ.

ನಿನ್ನ ನೀಲಾ