ಎರಡನೆಯ ರಿವ್ಯೂವರ್

ಮಾರ್ಚ್ ೪, ಮಂಗಳವಾರ

ಬಾಕಿ ಒಂಬತ್ತು ಸಂಶೋಧನಾ ಪೇಪರ್. ಎರಡಕ್ಕೆ ರಿವ್ಯೂವರ್ ಸಿಕ್ಕಿಲ್ಲ. ಒಬ್ಬ ಮಹಾಶಯರು ‘ಪ್ರವಾಸದಲ್ಲಿದ್ದೇನೆ’ ಎಂದು ಉತ್ತರಿಸಿದ್ದಾರೆ. ಮೂರು ತಿಂಗಳಿಂದ ಅದೇ ಪ್ರವಾಸ. ನಡೆದೇ ಹೊರಟಿರಬೇಕು.

ಮಧ್ಯಾಹ್ನ ಮೇಷ್ಟ್ರ ಪೇಪರ್ ಬಂತು. ಕೊಳದ ಬಸವನಹುಳು, ಎಂದಿನಂತೆ. ಎಂಎಸ್ಸಿಯಲ್ಲಿ ನನಗೆ ಪಾಠ ಹೇಳಿದವರು. ನಿವೃತ್ತರಾಗಿ ಹತ್ತು ವರ್ಷವಾದರೂ ಅದೇ ಕೊಳದ ದಂಡೆಯಲ್ಲಿ ಕೂತು ಹುಳುವಿನ ಮೊಟ್ಟೆ ಎಣಿಸುತ್ತಾರೆ. ನಮ್ಮ ವಿಜ್ಞಾನ ತ್ರೈಮಾಸಿಕಕ್ಕೆ ಅವರು ಕಳಿಸುವುದನ್ನೆಲ್ಲ ನೋಡಿಕೊಳ್ಳುವುದು ನಾನೇ. ಸಹ ಸಂಪಾದಕಿ ಎಂಬ ಹೆಸರಿಗೆ ಅಷ್ಟಾದರೂ ಸುಖ ಬೇಡವೇ? ಅವರ ಟೇಬಲ್ಲುಗಳ ಗೆರೆ ಯಾವಾಗಲೂ ಸೊಟ್ಟ. ನೇರ ಮಾಡುತ್ತೇನೆ, ಯಾರಿಗೂ ಹೇಳುವುದಿಲ್ಲ.

ಪ್ರತಿ ಪೇಪರನ್ನು ಅಚ್ಚಿಗೆ ಮುಂಚೆ ಓದಿ ತಪ್ಪು ಹಿಡಿಯಲು ಇಬ್ಬರು ರಿವ್ಯೂವರ್. ಒಬ್ಬರನ್ನು ನಾವು ಹುಡುಕುತ್ತೇವೆ, ಇನ್ನೊಬ್ಬರನ್ನು ಲೇಖಕರೇ ಸೂಚಿಸಬಹುದು. ಮೇಷ್ಟ್ರು ಪ್ರತಿ ಸಲ ಒಂದೇ ಹೆಸರು ಬರೆಯುತ್ತಾರೆ — ಯಾರೋ ನಿವೃತ್ತ ಉಪನ್ಯಾಸಕಿ, ಬಸವನಹುಳುವಿನ ಮೇಲೆಯೇ ಎಂಫಿಲ್. ಮಹಾ ಕಟ್ಟುನಿಟ್ಟಿನ ಹೆಂಗಸು. ಹೋದ ಪೇಪರನ್ನು ಮೂರು ಸಲ ತಿದ್ದಿಸಿದ್ದರು. ಮೇಷ್ಟ್ರು ತುಟಿ ಪಿಟಕ್ ಎನ್ನದೆ ಮೂರು ಸಲವೂ ತಿದ್ದಿದ್ದರು. ಈ ಸಲವೂ ಆಕೆಗೇ ಕಳಿಸಿದೆ.

ಮಾರ್ಚ್ ೯, ಭಾನುವಾರ

ಮೇಷ್ಟ್ರ ಮನೆಯಲ್ಲಿ ಊಟ. ಹಾಸ್ಟೆಲ್ ಹುಡುಗಿಯಾಗಿದ್ದಾಗ ಶುರುವಾದದ್ದು, ಇಪ್ಪತ್ತೆರಡು ವರ್ಷವಾಯಿತು. ಅಮ್ಮ ಹೋದ ಮೇಲೆ ನನಗೆ ಉಳಿದಿರುವುದು ಅದೊಂದೇ ಮನೆ. ಮೇಷ್ಟ್ರ ಹೆಂಡತಿಯನ್ನು ನಾವು ವಿದ್ಯಾರ್ಥಿಗಳೆಲ್ಲ ಮೇಡಂ ಎನ್ನುತ್ತೇವೆ. ಮೇಷ್ಟ್ರು ‘ಏನೇ’ ಎನ್ನುತ್ತಾರೆ. ನನಗೆ ಮೈಕ್ರೋಸ್ಕೋಪಿನಲ್ಲಿ ಕಣ್ಣಿಡಲು ಕಲಿಸಿದ್ದು ಮೇಡಂ, ಅದೇ ಊಟದ ಮೇಜಿನ ಮೇಲೆ. ಮೇಷ್ಟ್ರಿಗೆ ಅಷ್ಟು ತಾಳ್ಮೆ ಎಲ್ಲಿಯದು.

“ಕನ್ನಡಕ ಎಲ್ಲಿ?” ಎಂದರು ಮೇಡಂ.

“ಮೂಗಿನ ಮೇಲಿದೆ.”

“ಅದು ದೂರದ್ದು. ಹತ್ತಿರದ್ದು ಎಲ್ಲಿ ಅಂತ ಕೇಳಿದ್ದು.”

“ಹತ್ತಿರಕ್ಕೆ ನೀನಿದ್ದೀಯಲ್ಲೇ, ಸಾಕು.”

“ಈ ವಯಸ್ಸಲ್ಲಿ ಇದೊಂದು ಕಮ್ಮಿಯಾಗಿತ್ತು ನೋಡು,” ಎಂದು ನನ್ನ ಕಡೆ ತಿರುಗಿದರು. ಮುಖದಲ್ಲಿ ಕೋಪ ಒಂದು ಚೂರೂ ಇರಲಿಲ್ಲ.

ಮಾರ್ಚ್ ೧೮, ಮಂಗಳವಾರ

ಮೇಷ್ಟ್ರ ಪೇಪರಿಗೆ ಎರಡನೆಯ ರಿವ್ಯೂವರ್ ವರದಿ ಬಂತು. ಎರಡು ಪುಟ, ಎಂದಿನ ಹಾಗೆ ಮುಲಾಜಿಲ್ಲ. ಹನ್ನೊಂದನೆಯ ಆಕ್ಷೇಪ: ‘ಹದಿನಾಲ್ಕನೆಯ ವಾರದ ಎಣಿಕೆ ನಂಬಲು ಯೋಗ್ಯವಲ್ಲ. ಆ ವಾರ ಲೇಖಕರಿಗೆ ಜ್ವರವಿತ್ತು. ಹತ್ತಿರದ ಕನ್ನಡಕವನ್ನೂ ಹಾಕಿಕೊಂಡಿರಲಿಲ್ಲ.’

ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತ ನಗುತ್ತಲೇ ಆ ಸಾಲನ್ನು ಮತ್ತೊಮ್ಮೆ ಓದಿದೆ.

ಮೇಡಂ.

ಇಪ್ಪತ್ತೆರಡು ವರ್ಷ ಅವರ ಕೈಯೂಟ ಉಂಡಿದ್ದೇನೆ. ಅವರ ಹೆಸರೇನು ಎಂದು ಒಂದು ದಿನವಾದರೂ ಕೇಳಿದ್ದೇನೆಯೇ? ಥೂ ನನ್ನ. ಆ ಹೆಸರಿಗೆ ಐದು ಸಲ ‘ಮಾನ್ಯರೇ’ ಎಂದು ಪತ್ರ ಬರೆದಿದ್ದೇನೆ. ಮದುವೆಗೆ ಮುಂಚಿನ ಹೆಸರಿರಬೇಕು. ಸುಳ್ಳು ಹೆಸರಲ್ಲ, ಸುಳ್ಳು ಡಿಗ್ರಿಯಲ್ಲ. ಹೆಂಡತಿ ಎಂಬುದೊಂದನ್ನು ಮಾತ್ರ ಹೇಳಿಲ್ಲ.

ಸಂಜೆ ಹಳೆಯ ಫೈಲುಗಳನ್ನು ತೆಗೆದೆ. ಮೇಷ್ಟ್ರ ಅಚ್ಚಾದ ನಾಲ್ಕು ಪೇಪರುಗಳಿಗೂ ಮೇಡಂ ಅವರದೇ ವರದಿ. ನಾಲ್ಕೂ ಕಠಿಣ. ಆದರೆ ನಿಯಮಕ್ಕೆ ಮೃದು, ಕಠಿಣ ಎಂಬ ಭೇದ ಇಲ್ಲ. ಮನೆಯವರು ಮನೆಯವರೇ. ಗೊತ್ತಾದರೆ ನಾಲ್ಕೂ ರಿಟ್ರಾಕ್ಟ್ ಆಗಬಹುದು. ಅಂದರೆ ಪ್ರತಿ ಪುಟದ ಮೇಲೆ ಅಡ್ಡಕ್ಕೆ ‘ಹಿಂಪಡೆಯಲಾಗಿದೆ’ ಎಂದು ದೊಡ್ಡ ಕೆಂಪು ಅಕ್ಷರ, ಅವರಿರುವವರೆಗೂ, ಆಮೇಲೂ.

ಗೊತ್ತಿರುವುದು ನನಗೊಬ್ಬಳಿಗೇ. ಬೇರೆ ರಿವ್ಯೂವರ್ ಹಾಕಿ ಬಾಯಿ ಮುಚ್ಚಿಕೊಂಡು ಕೂತರೆ ಕೇಳುವವರಿಲ್ಲ... ಬಾಯಿ ಬಿಟ್ಟರೆ ಆ ಮನೆಯ ಬಾಗಿಲು ಮುಚ್ಚಿತೆಂದೇ ಲೆಕ್ಕ.

ಮಾರ್ಚ್ ೧೯, ಬುಧವಾರ

ಪ್ರಧಾನ ಸಂಪಾದಕರ ಕೋಣೆಗೆ ಮೂರು ಸಲ ಹೋಗಿ ಮೂರು ಸಲವೂ ಟೀ ಬೇಕೇ ಎಂದು ಕೇಳಿ ಬಂದೆ. ನಾಲ್ಕನೆಯ ಸಲ ಅವರೇ ಹೇಳಿದರು — “ಕೂತ್ಕೊಂಡು ಅದೇನು ಹೇಳಿಬಿಡಮ್ಮ. ಇನ್ನೊಂದು ಕಪ್ ಕುಡಿಯೋ ಶಕ್ತಿ ನನಗಿಲ್ಲ.”

ಹೇಳಿದೆ. ಜ್ವರದ ಸಾಲು ಓದಿ ಅವರಿಗೂ ನಗು ತಡೆಯಲಾಗಲಿಲ್ಲ. ಆಮೇಲೆ ಕನ್ನಡಕ ತೆಗೆದು ಒರೆಸಿದರು.

“ಈ ಪೇಪರುಗಳನ್ನೆಲ್ಲ ನೋಡಿಕೊಂಡಿದ್ದು ಯಾರು?”

“ನಾನೇ ಸರ್.”

“ನೀನು ಅವರ ಸ್ಟೂಡೆಂಟ್ ಅಲ್ವಾ? ಭಾನುವಾರದ ಊಟ ಅಲ್ಲೇ ಅಂತಾನೂ ಕೇಳಿದ್ದೀನಿ. ಅದನ್ನ ಎಲ್ಲಾದರೂ ಬರೆದಿಟ್ಟಿದ್ದೀಯಾ?”

ನಿನ್ನೆಯಿಂದ ಅವರಿಬ್ಬರ ತಪ್ಪನ್ನೇ ತೂಗುತ್ತ ಕೂತಿದ್ದೆ. ನನ್ನದು ನೆನಪಿಗೇ ಬಂದಿರಲಿಲ್ಲ.

“ಇಲ್ಲ ಸರ್.”

“ಹಾಗಾದ್ರೆ ಈ ಫೈಲ್ ಇವತ್ತಿಂದ ನನ್ನದು. ನೀನು ಇದರಲ್ಲಿ ಕೈ ಹಾಕೋ ಹಾಗಿಲ್ಲ. ನಿನ್ನ ವಿಷಯಾನೂ ಇದರಲ್ಲೇ ಬರುತ್ತೆ.” ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

ಮಾರ್ಚ್ ೨೧, ಶುಕ್ರವಾರ

ವಿವರಣೆ ಕೇಳಿದ ಪತ್ರ ನಿನ್ನೆ ಹೋಯಿತು. ಇವತ್ತು ಮೇಷ್ಟ್ರ ಫೋನ್.

“ನೀನೇ ಹೇಳಿದ್ದಾ, ಮರಿ?”

“ಹೌದು ಮೇಷ್ಟ್ರೇ.”

“ಬಸವನಹುಳು ಗೊತ್ತಿರೋರು ಈ ಸೀಮೆಯಲ್ಲಿ ಇಬ್ಬರೇ. ಒಬ್ಬ ನಾನು. ಇನ್ನೊಬ್ಬರ ಹೆಸರು ಕೊಟ್ಟೆ. ಅವಳೇನು ನನಗೆ ದಯೆ ತೋರಿಸಿದ್ಲಾ? ನೀನೇ ಓದಿದ್ದೀಯಲ್ಲ.”

“ಇಲ್ಲ ಮೇಷ್ಟ್ರೇ. ಆದ್ರೂ...”

“ಮನೆಗೆ ಬಂದು ಒಂದು ಮಾತು ಕೇಳಬಹುದಿತ್ತು.”

“ಮನೆಗೆ ಬಂದಿದ್ರೆ ಆಮೇಲೆ ಹೇಳೋಕೆ ಆಗ್ತಿರಲಿಲ್ಲ.”

ಮೇಷ್ಟ್ರು ಫೋನ್ ಇಟ್ಟರು. ಹಿಂದಿನಿಂದ ಮೇಡಂ ಏನೋ ಹೇಳುತ್ತಿದ್ದರು, ಕೇಳಿಸಲಿಲ್ಲ.

ಮಾರ್ಚ್ ೨೩, ಭಾನುವಾರ

ಯಾರೂ ಊಟಕ್ಕೆ ಕರೆಯಲಿಲ್ಲ. ಕರೆಯುವ ಪದ್ಧತಿಯೇ ಇರಲಿಲ್ಲ, ನಾನಾಗಿ ಹೋಗುತ್ತಿದ್ದೆ. ಹೋಗಲಿಲ್ಲ. ಬ್ರೆಡ್ ತಿಂದೆ.

ಮಾರ್ಚ್ ೩೦, ಭಾನುವಾರ

ಬ್ರೆಡ್.

ಏಪ್ರಿಲ್ ೨೯, ಮಂಗಳವಾರ

ಪ್ರಧಾನ ಸಂಪಾದಕರು ಕರೆದರು. “ನಿನಗೆ ತೋರಿಸಬಾರದು. ಆದರೆ ಈ ಭಾಗ ನಿನಗೂ ಸಲ್ಲಬೇಕು ಅಂತ ಅವರೇ ಬರೆದಿದ್ದಾರೆ,” ಎಂದು ಒಂದು ಹಾಳೆ ಕೊಟ್ಟರು. ಮೇಡಂ ಬರಹ. ನೋಡಿ ಬರೆದುಕೊಂಡೆ:

‘ಮೊದಲ ಮೂರು ಲೇಖನಗಳ ಕೆಲಸದಲ್ಲಿ ನನ್ನ ಕೈ ಇಲ್ಲ. ಬೇಕಾದವರು ಪರೀಕ್ಷಿಸಲಿ. ನಾಲ್ಕನೆಯದಕ್ಕೆ ಮರುಎಣಿಕೆ ಆಗಬೇಕೆಂದು ಹಟ ಹಿಡಿದವಳು ನಾನು. ಅವರಿಗೆ ಆಗ ಕಣ್ಣಿನ ಆಪರೇಷನ್ ಆಗಿತ್ತು. ಆರು ವಾರ ಕೊಳದ ದಂಡೆಯಲ್ಲಿ ಕೂತು ಎಣಿಸಿದವಳೂ ನಾನು. ಆಮೇಲೆ ಎಣಿಕೆ ಸರಿಯಾಗಿದೆ ಎಂದು ಬರೆದುಕೊಟ್ಟವಳೂ ನಾನೇ. ಅದನ್ನು ಉಳಿಸಬೇಡಿ. ಸಂಬಂಧವನ್ನು ಯಾಕೆ ಮುಚ್ಚಿಟ್ಟಿರಿ ಎಂದು ಕೇಳಿದ್ದೀರಿ. ನನ್ನ ಮಾತನ್ನು ಇವರ ಹೆಂಡತಿಯ ಮಾತು ಎಂದುಕೊಳ್ಳದೆ ಓದುತ್ತಿದ್ದ ಜಾಗ ನಿಮ್ಮ ಪತ್ರಿಕೆಯೊಂದೇ. ಅದನ್ನು ಬಿಡಲು ಮನಸ್ಸಾಗಲಿಲ್ಲ. ತಪ್ಪು ನನ್ನದು. ನಿಮ್ಮ ಸಹ ಸಂಪಾದಕಿ ಮಾಡಿದ್ದು ಸರಿ.’

ಕೊನೆಯ ಸಾಲನ್ನು ಹತ್ತು ಸಲ ಓದಿದೆ. ಅವರೆಂದರೆ ನನಗೆ ಪ್ರಾಣ. ಇದನ್ನು ಅವರ ಮುಂದೆ ಒಂದು ದಿನವೂ ಹೇಳಿಲ್ಲ.

ಜೂನ್ ೧೩, ಶುಕ್ರವಾರ

ಹೊರಗಿನ ಇಬ್ಬರು ಹೊಸದಾಗಿ ಪರೀಕ್ಷಿಸಿದರು. ಮೂರು ಪೇಪರ್ ಉಳಿದವು. ನಾಲ್ಕನೆಯದು ರಿಟ್ರಾಕ್ಟ್. ಈಗ ಕಳಿಸಿದ್ದ ಐದನೆಯದನ್ನು ಮೇಷ್ಟ್ರೇ ವಾಪಸ್ ತೆಗೆದುಕೊಂಡಿದ್ದಾರೆ.

ಇವತ್ತು ನೋಟೀಸ್ ಅಚ್ಚಾಯಿತು. ಅದರ ಕೊನೆಯ ಸಾಲು ನಾನೇ ಬರೆದುಕೊಟ್ಟದ್ದು: ‘ಈ ಲೇಖನಗಳನ್ನು ನಿರ್ವಹಿಸಿದ ಸಹ ಸಂಪಾದಕಿ ಲೇಖಕರ ವಿದ್ಯಾರ್ಥಿನಿ. ಇದನ್ನು ಅವರು ಪತ್ರಿಕೆಗೆ ತಿಳಿಸಿರಲಿಲ್ಲ.’ ಕೆಲಸ ಉಳಿಯಿತು. ಒಂದು ವರ್ಷ ಯಾವ ಪೇಪರಿನ ಮೇಲೂ ನಾನೊಬ್ಬಳೇ ತೀರ್ಮಾನ ಮಾಡುವಂತಿಲ್ಲ. ಬಂದದ್ದನ್ನು ನೋಂದಾಯಿಸಿ ಮುಂದೆ ಕಳಿಸುವುದಷ್ಟೇ. ಇರಲಿ.

ನಾಲ್ಕನೆಯ ಪೇಪರಿನ ಮೇಲೆ ಕೆಂಪು ಅಕ್ಷರ ಹಾಕಬೇಕಿತ್ತು. ಡಿಸೈನರ್ ರಜೆ. ನಾನೇ ಹಾಕುತ್ತೇನೆ ಎಂದೆ. ಪ್ರಧಾನ ಸಂಪಾದಕರು ಬೇಡವೆಂದು ತಾವೇ ಕೂತು, ಕೀಬೋರ್ಡಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಹಾಕಿದರು.

ಜೂನ್ ೧೫, ಭಾನುವಾರ

ಮೇಷ್ಟ್ರ ಬೀದಿಯ ತಿರುವಿನವರೆಗೂ ಹೋಗಿ ಬಂದೆ. ಮೇಷ್ಟ್ರು ಮೆಟ್ಟಿಲ ಮೇಲೆ ದಿನಪತ್ರಿಕೆ ಓದುತ್ತಿದ್ದರು, ದೂರದ ಕನ್ನಡಕದಲ್ಲಿ, ಅದನ್ನು ಒಂದು ಮಾರು ದೂರ ಹಿಡಿದುಕೊಂಡು. ಹೋಗಿ ಏನೆಂದು ಹೇಳಲಿ? ತಿರುಗಿ ಬಂದೆ. ಹೇಡಿ.

ಜುಲೈ ೮, ಮಂಗಳವಾರ, ಸಂಜೆ

ಬೆಳಗ್ಗೆ ಬಂದ ಪೇಪರುಗಳನ್ನು ನೋಂದಾಯಿಸುತ್ತಿದ್ದೆ. ಕೊನೆಯದು ಬಸವನಹುಳು.

ಲೇಖಕರು ಇಬ್ಬರು. ಮೊದಲ ಹೆಸರು ಮೇಡಂ ಅವರದು. ಎರಡನೆಯದು ಮೇಷ್ಟ್ರದು. ಹದಿನಾಲ್ಕನೆಯ ವಾರದ ಎಣಿಕೆಯನ್ನು ಪೂರ್ತಿ ಕೈಬಿಟ್ಟಿದ್ದಾರೆ. ರಿವ್ಯೂವರ್ ಸೂಚಿಸುವ ಜಾಗ ಖಾಲಿ. ಅದರ ಕೆಳಗೆ, ಸಂಬಂಧಗಳೇನಾದರೂ ಇದ್ದರೆ ತಿಳಿಸಿ ಎಂಬಲ್ಲಿ, ಮೇಷ್ಟ್ರ ಭಾಷೆ:

‘ಇಬ್ಬರು ಲೇಖಕರು ಗಂಡ ಹೆಂಡತಿ. ಪತ್ರಿಕೆಯ ಸಹ ಸಂಪಾದಕಿ ನಮ್ಮ ಮಗಳು. ಹೆತ್ತದ್ದಲ್ಲ. ಅಂಥ ಮಕ್ಕಳಿಗೆ ನಿಮ್ಮ ಫಾರ್ಮಿನಲ್ಲಿ ಬೇರೆ ಜಾಗವಿಲ್ಲದ್ದರಿಂದ ಇಲ್ಲಿ ಬರೆದಿದ್ದೇವೆ. ದಯವಿಟ್ಟು ಈ ಲೇಖನವನ್ನು ಅವಳ ಕೈಗೆ ಕೊಡಬೇಡಿ.’

ಮುಂದೆ ಓದುವ ಹಾಗಿರಲಿಲ್ಲ. ಓದಲು ಕಣ್ಣೂ ಕಾಣುತ್ತಿರಲಿಲ್ಲ. ಫೈಲ್ ಮುಚ್ಚಿ ಪ್ರಧಾನ ಸಂಪಾದಕರಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಅವರೇ ಎದ್ದು ಬಂದು ಬಾಗಿಲಲ್ಲಿ ನಿಂತರು.

“ಟೀ ಬೇಕೇನಮ್ಮ?”

ಬೇಡ ಎಂದು ತಲೆಯಾಡಿಸಿದೆ.

ಭಾನುವಾರಕ್ಕೆ ಇನ್ನೂ ಐದು ದಿನ. ಯಾರು ಕಾಯುತ್ತಾರೆ? ಐದೂ ಇಪ್ಪತ್ತಕ್ಕೆ ಮೇಷ್ಟ್ರ ಮನೆ ಕಡೆ ಬಸ್ಸಿದೆ. ಈಗ ಐದೂ ಹತ್ತು. ಉಳಿದದ್ದನ್ನು ಬಂದು ಬರೆ—